ಮರಿ ಹೊತ್ತ ಡಾಲ್ಫಿನ್

ಸಮುದ್ರವನ್ನೇ ನೋಡದೆ ಹದಿನೇಳು ವರ್ಷ ಡಾಲ್ಫಿನ್ ಪಾಠ ಮಾಡಿದವನು ನಾನು. ಬಬಲೇಶ್ವರದ ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಅದು ಮೀನಲ್ಲ, ಸಸ್ತನಿ, ಮರಿಗೆ ಹಾಲೂಡಿಸುತ್ತದೆ, ನೀರಿನಲ್ಲೇ ಇದ್ದರೂ ಉಸಿರಿಗೆ ಮೇಲೆ ಬರಲೇಬೇಕು. ಮರಿ ಹುಟ್ಟಿದ ಕೂಡಲೇ ಏಳಲಾರದಿದ್ದರೆ ತಾಯಿ ಮೂತಿಯಿಂದ ಅದನ್ನು ಮೇಲೆತ್ತಿ ಮೊದಲ ಉಸಿರು ಕೊಡಿಸುತ್ತದೆ. ಇಷ್ಟು ನನಗೆ ಬಾಯಿಪಾಠ.

ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮರಿ ಸತ್ತ ಹುಟ್ಟಿದ್ರ ಏನ್ ಮಾಡ್ತೈತ್ರಿ ಸರ?" ಎಂದು ಕೇಳಿದಳು.

"ಅದು ಪರೀಕ್ಷಾದಾಗ ಬರಂಗಿಲ್ಲ. ಕೂಡು."

ನನ್ನ ಸಿಟ್ಟಿನ ಪರಿಚಯ ಮಕ್ಕಳಿಗೆಲ್ಲ ಇದೆ. ಅವಳು ಕೂತಳು. ಉಳಿದ ಹೊತ್ತೆಲ್ಲ ನಾನು ಹಲಗೆಯ ಕಡೆ ಮುಖ ಮಾಡಿ, ಯಾರಿಗೂ ಬೇಡದ ಟಿಪ್ಪಣಿ ಬರೆದೆ.

ನಮ್ಮ ಮೊದಲ ಕೂಸು ಸತ್ತೇ ಹುಟ್ಟಿತ್ತು. ಒಂಬತ್ತನೆಯ ತಿಂಗಳಲ್ಲಿ ಹೆಂಡತಿಗೆ ಬಿಪಿ ಏರಿ, ವಿಜಯಪುರದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿ ತೆಗೆದಾಗ ಹೆಣ್ಣು ಕೂಸಿನಲ್ಲಿ ಜೀವವಿರಲಿಲ್ಲ. ಹೆಂಡತಿಗೆ ಎಚ್ಚರವೂ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನ ಅವ್ವ ಕಣ್ಣೊರೆಸಿಕೊಂಡು ಹೇಳಿದಳು: "ಹಡದಾಕಿಗೆ ತೋರಸಬ್ಯಾಡ್ರಪಾ. ಸತ್ತ ಕೂಸಿನ ಮಾರಿ ನೋಡಿದ್ರ ಮುಂದ ಬಸರ ನಿಲ್ಲಂಗಿಲ್ಲ. ಆಕಿ ಎಚ್ಚರ ಆಗೂದ್ರೊಳಗ ಮಣ್ಣ ಮಾಡಿ ಬರ್ರಿ."

ಗ್ರಹಣದ ದಿನ ಮಕ್ಕಳನ್ನೆಲ್ಲ ಶಾಲೆಯ ಅಂಗಳಕ್ಕೆ ಕರೆದು ಚುರುಮುರಿ ತಿನ್ನಿಸಿ, ಊರವರ ಬಾಯಿಗೆ ಬಿದ್ದವನು ನಾನು. ಅವತ್ತು ತುಟಿ ಪಿಟಕ್ಕೆನ್ನಲಿಲ್ಲ. ನಂಬಿದೆ ಎಂದೇನಲ್ಲ. ಹೆಂಡತಿ ಕಣ್ಣು ಬಿಟ್ಟಾಗ ಅದನ್ನು ಅವಳ ಕೈಗೆ ಕೊಡುವ ಧೈರ್ಯ ನನಗಿರಲಿಲ್ಲ. ಅವ್ವನ ಮಾತು ಅನುಕೂಲಕ್ಕೆ ಬಂತು.

ನರ್ಸು ಕೂಸನ್ನು ಬಿಳಿ ಬಟ್ಟೆಯಲ್ಲಿ ಪೂರ್ತಿ ಸುತ್ತಿ ಕೊಟ್ಟಳು. ಸೋದರಮಾವನ ಜೀಪಿನಲ್ಲಿ ತಿಕೋಟಾ ದಾಟಿ ಬಿಜ್ಜರಗಿಗೆ, ಅವನ ಹೊಲಕ್ಕೆ ಹೋದೆವು. ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲಿತ್ತು. ರಸ್ತೆ ಕೆಟ್ಟಲ್ಲೆಲ್ಲ ಕೈ ಅಡ್ಡ ಹಿಡಿಯುತ್ತಿದ್ದೆ. ಬದುವಿನ ಪಕ್ಕ ಕುಣಿ ತೋಡಿ, ಉಪ್ಪು ಹಾಕಿ, ಮುಚ್ಚಿದೆವು. ಎಳೆಗೂಸಿಗೆ ಕಲ್ಲಿಟ್ಟು ಗುರುತು ಮಾಡುವ ಪದ್ಧತಿ ನಮ್ಮಲ್ಲಿಲ್ಲ. "ಹೊಳ್ಳಿ ನೋಡಬ್ಯಾಡ, ನಡಿ," ಎಂದ ಮಾವ. ನಾನು ನೋಡಲಿಲ್ಲ.

ಹೆಂಡತಿಗೆ ಮಧ್ಯಾಹ್ನ ಎಚ್ಚರವಾಯಿತು. ಎರಡು ದಿನ ಏನೂ ಕೇಳಲಿಲ್ಲ. ಮೂರನೆಯ ದಿನ ಹಾಲು ಕಟ್ಟಿ ಜ್ವರ ಬಂದಿತ್ತು; ಅವ್ವ ಬಿಗಿಯಾಗಿ ಎದೆಗೆ ಬಟ್ಟೆ ಕಟ್ಟಿದ್ದಳು. ಅದೇ ಜ್ವರದಲ್ಲಿ ಕೇಳಿದಳು, "ಕೂಸು ಹೆಂಗಿತ್ತರಿ?"

"ನಿನ್ನಂಗ ಇತ್ತು," ಎಂದೆ. "ಮೂಗಂತೂ ನಿಂದ."

ಅಷ್ಟಕ್ಕೇ ಅವಳು ನಿದ್ದೆ ಹೋದಳು. ಅಂದಿನಿಂದ ಆ ಕೂಸಿನ ಮಾತು ಬಂದಾಗೆಲ್ಲ ಅವಳ ಬೆರಳು ತನಗೆ ಗೊತ್ತಿಲ್ಲದೆಯೇ ಮೂಗಿನ ಮೇಲೆ ಹೋಗುತ್ತಿತ್ತು. ಎರಡು ವರ್ಷಕ್ಕೆ ಮಗ ಹುಟ್ಟಿದ. ಅವನದು ನನ್ನ ಮೊಂಡು ಮೂಗು. "ಚೊಲೋ ಮೂಗು ಅಕ್ಕ ತೊಗೊಂಡ ಹ್ವಾದ್ಲು, ಇವಗ ನಿಮ್ಮದ ಉಳೀತು," ಎಂದು ನನ್ನನ್ನು ಛೇಡಿಸುತ್ತಿದ್ದಳು. ನಾನೂ ನಗುತ್ತಿದ್ದೆ.

ಹೋದ ಚಳಿಗಾಲದಲ್ಲಿ ನಮ್ಮ ಶಾಲೆಯ ಶಿಕ್ಷಕರೆಲ್ಲ ಕುಟುಂಬ ಸಮೇತ ಕಾರವಾರಕ್ಕೆ ಹೋದೆವು. ಡಾಲ್ಫಿನ್ ತೋರಿಸುವ ದೋಣಿ ಹತ್ತಿದೆವು. ಎಲ್ಲರ ಕೈಯಲ್ಲೂ ಮೊಬೈಲ್ ಸಿದ್ಧ. ಸ್ವಲ್ಪ ದೂರ ಹೋದ ಮೇಲೆ ದೋಣಿಯವನು ಇಂಜಿನ್ ನಿಲ್ಲಿಸಿ ಕೈ ತೋರಿಸಿದ.

ಬೂದು ಬಣ್ಣದ ಒಂದು ಬೆನ್ನು ಮೆಲ್ಲಗೆ ಎದ್ದಿತು. ಅದರ ಮೂತಿಯ ಮೇಲೆ ಏನೋ ಕಪ್ಪಗೆ, ತೊಯ್ದ ಚೀಲದ ಹಾಗೆ ಜೋತುಬಿದ್ದಿತ್ತು. ಮರಿ. ಅಲೆ ಬಂದರೆ ಅದು ಜಾರಿ ಮುಳುಗುತ್ತಿತ್ತು. ತಾಯಿ ಉಸಿರು ಬಿಟ್ಟು ಒಳಗೆ ಹೋಗಿ ಮತ್ತೆ ಅದನ್ನೇ ಎತ್ತಿಕೊಂಡು ಬರುತ್ತಿತ್ತು. ಆಚೀಚೆ ಇನ್ನೆರಡು ಡಾಲ್ಫಿನ್, ಆತುರವಿಲ್ಲದೆ, ಅದರ ಹೆಜ್ಜೆಗೆ ಹೆಜ್ಜೆ ಹಾಕುವವರಂತೆ ಈಜುತ್ತಿದ್ದವು.

"ಮೂರು ದಿವಸ ಆಯ್ತು," ಎಂದ ದೋಣಿಯವನು. "ಬಿಡೂದಿಲ್ಲ ಅದು."

"ಇವು ಜಿಗಿಯೂದಿಲ್ಲೇನ್ರಿ?" ಎಂದು ನಮ್ಮ ಗಣಿತದ ಮಾಸ್ತರ ಕೇಳಿದರು. ನನ್ನ ಹೆಂಡತಿ ಅವರತ್ತ ತಿರುಗಿಯೂ ನೋಡಲಿಲ್ಲ. ದೋಣಿಯ ಅಂಚು ಹಿಡಿದುಕೊಂಡು, ಆ ಬೆನ್ನು ಕಾಣುವಷ್ಟು ಹೊತ್ತೂ ನೋಡಿದಳು. ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಗೆ ಉತ್ತರ ನನ್ನ ಕಣ್ಣೆದುರೇ ಇತ್ತು. ನಾನು ನೋಡಲಾರದೆ ಲೈಫ್ ಜಾಕೆಟ್ಟಿನ ಪಟ್ಟಿ ಬಿಚ್ಚಿ ಕಟ್ಟುತ್ತಾ ಕೂತೆ.

ಊರಿಗೆ ಬಂದ ಮೇಲೆ, ವಿಜಯಪುರದ ಸೊಲ್ಲಾಪುರ ರಸ್ತೆಯ ನಮ್ಮ ಮನೆಯಲ್ಲಿ ಒಂದು ಸಂಜೆ ಅವಳು ಸೊಪ್ಪು ಸೋಸುತ್ತಾ ಕೇಳಿದಳು. "ಮೊಬೈಲ್‌ನ್ಯಾಗ ತೋರಸ್ತಾರಲ್ಲ, ಫಾರಿನ್‌ದಾಗ ನೀರಿನ ಹೌದಿನ್ಯಾಗ ಇಟ್ಟು ಆಟ ಆಡಸ್ತಾರ. ಆ ಮೀನದ ಮರಿ ಸತ್ರ ಏನ್ ಮಾಡ್ತಾರ?"

"ಮೀನಲ್ಲ ಅದು," ಎಂದೆ ಮೊದಲು. ಚಾಳಿ. ಆಮೇಲೆ ಓದಿದ್ದನ್ನು ಪಾಠದ ಹಾಗೆ ಒಪ್ಪಿಸಿದೆ. ಅಲ್ಲಿ ಬಹಳ ದಿನ ಇಟ್ಟುಕೊಳ್ಳಲು ಬಿಡುವುದಿಲ್ಲ. ನೀರು ಕೆಡುತ್ತದೆ, ನೋಡಲು ಬರುವ ಜನರಿರುತ್ತಾರೆ. ತಾಯಿಯನ್ನು ಬೇರೆ ಕಡೆ ಸರಿಸಿ, ಮರಿಯನ್ನು ಬಲೆಯಿಂದ ತೆಗೆದುಬಿಡುತ್ತಾರೆ. ತಾಯಿ ಅದೇ ಗೋಡೆಗುಂಟ ಸುತ್ತು ಹಾಕುತ್ತದೆ, ಕೂಗುತ್ತದೆ. ಸಮುದ್ರದಲ್ಲಾದರೆ ಬಿಡುವುದು ಯಾವಾಗ ಎಂದು ತಾನೇ ತೀರ್ಮಾನಿಸುತ್ತದೆ.

ಅವಳ ಕೈ ನಿಂತಿತು. "ನೀವೂ ಹಂಗ ಮಾಡಿದ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ತಾಗಿತು. ಸೊಪ್ಪು ಬದಿಗೆ ಸರಿಸಿ, "ಒಮ್ಮೆ ಆ ಜಾಗಾ ತೋರಸ್ರಿ ನನಗ," ಎಂದಳು.

ಭಾನುವಾರ ತಿಕೋಟಾದ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಆಟೋದಲ್ಲಿ ಬಿಜ್ಜರಗಿಗೆ ಹೋದೆವು. ಸೋದರಮಾವ ಈಗಿಲ್ಲ. ಅವನ ಮಕ್ಕಳು ಬದು ಒಡೆದು ಹೊಲ ಸಪಾಟು ಮಾಡಿ ದ್ರಾಕ್ಷಿ ಹಚ್ಚಿದ್ದಾರೆ. ಎಲ್ಲಿ ನೋಡಿದರೂ ಕಂಬ, ತಂತಿ, ಬಳ್ಳಿ. ಒಂದು ಸಾಲಿನಂತೆಯೇ ಇನ್ನೊಂದು. ನಾನು ಆ ಸಾಲಿಗೊಮ್ಮೆ ಈ ಸಾಲಿಗೊಮ್ಮೆ ಹೋಗಿ, ಕೊನೆಗೆ ನಾಚಿಕೆಯಾಗಿ ನಿಂತೆ. "ಇಲ್ಲೇ ಎಲ್ಲ್ಯರ ಇರಬೇಕು," ಎಂದೆ.

ಅವಳು ಬೈಯಲಿಲ್ಲ. ಚಪ್ಪಲಿ ಬಿಟ್ಟು, ಬಳ್ಳಿಯ ನೆರಳಲ್ಲಿ ಮಣ್ಣಿನ ಮೇಲೆ ಕೂತಳು. ಬೆರಳು ಮೂಗಿನ ಮೇಲೆ ಹೋಯಿತು.

"ಮೂಗು ನನ್ನಂಗ ಇತ್ತಂದ್ರಿ. ಕಣ್ಣು ಯಾರಂಗ ಇದ್ದೂ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಂಬುತ್ತಿದ್ದಳು. ಆದರೆ ಆ ಬೂದು ಬೆನ್ನು ಮತ್ತೆ ಮತ್ತೆ ಮುಳುಗಿ ಎದ್ದದ್ದು ಕಣ್ಣಿಗೆ ಕಟ್ಟಿತ್ತು.

"ನಾ ಬಟ್ಟಿ ಬಿಚ್ಚಿ ನೋಡಲಿಲ್ಲ," ಎಂದೆ. "ತೊಡಿ ಮ್ಯಾಲ ಇತ್ತು. ನೋಡಲಿಲ್ಲ. ಹೆದರಿಕಿ ಬಂತು."

ಅವಳ ಕೈ ಮೂಗಿನಿಂದ ಕೆಳಗೆ ಬಂದು ಮಡಿಲಲ್ಲಿ ಬಿತ್ತು.

"ಹಂಗಾರ ಆಕಿನ್ನ ನಮ್ಮವರು ಯಾರೂ ನೋಡೇ ಇಲ್ಲ," ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ನನ್ನ ಪಕ್ಕ ಜಾಗವಿತ್ತು. ಅಂದಿನಿಂದ ಅವಳು ಮೂಗು ಮುಟ್ಟಿಕೊಂಡದ್ದನ್ನು ನಾನು ಕಂಡಿಲ್ಲ.