ಮೊದಲ ಏಟು ನನ್ನ ಕೈಗೆ
ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಲೇಸರ್ ಎಂತಕ್ಕೆ, ಎರಡೇ ತಿಂಗಳಲ್ಲಿ ಮುಚ್ಚುತ್ತೀ ಎಂದಿದ್ದರು ಭಾವ. ಸಾಲ ಮಾಡಿ ತಂದ ಯಂತ್ರದ ಇಂಗ್ಲಿಷ್ ಪುಸ್ತಕವನ್ನು ನಿಘಂಟು ಇಟ್ಟುಕೊಂಡು ಮೂರು ಸಲ ಓದಿ, ಕುಂಬ್ರದಲ್ಲಿ ಹಚ್ಚೆ ಅಳಿಸುವ ಅಂಗಡಿ ತೆರೆದೆ. ಬಹಳ ದಿನ ಯಾರೂ ಬರಲಿಲ್ಲ. ಕೊನೆಗೆ ಬಂದವನು ಮದುವೆ ಗೊತ್ತಾಗಿದ್ದ ಜೀಪು ಡ್ರೈವರ್. ಕೈಯಲ್ಲಿ ಬೇರೆ ಹುಡುಗಿಯ ಹೆಸರು.

"ಬೆಳಕು ಬೀಳುದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು. ಚರ್ಮಕ್ಕೆ ಗೊತ್ತೇ ಆಗುದಿಲ್ಲ" ಎಂದೆ.

"ನನಗೆ ಗೊತ್ತಾಗ್ತದಲ್ಲ ಮಾರಾಯ್ರೆ! ಮೊದಲು ನಿಮ್ಮ ಕೈಗೆ ಹೊಡೀರಿ" ಎಂದು ಎದ್ದು ನಿಂತ.

ಅವನೂ ಹೋದರೆ ಅಂಗಡಿ ಮುಚ್ಚಬೇಕಿತ್ತು. ನನ್ನ ಮುಂಗೈಯಲ್ಲಿ ಅಜ್ಜಿ ಹಾಕಿಸಿದ ಹಚ್ಚೆಯ ಹೂವಿತ್ತು. ಇಬ್ಬರೂ ಬೆಳಕು ತಡೆಯುವ ಕನ್ನಡಕ ಹಾಕಿಕೊಂಡ ಮೇಲೆ ಅದರ ಒಂದು ಎಸಳಿಗೆ ಹೊಡೆದೆ. ಬಿಸಿ ಎಣ್ಣೆ ಸಿಡಿದ ಹಾಗಾಯಿತು.

"ನೋವುಂಟಾ?"

"ಇಲ್ಲ."

ಅವನು ಕುಳಿತ.

ಸಾಲ ತೀರಿ, ಈಗ ಯಂತ್ರವೂ ಅಂಗಡಿಯೂ ನನ್ನದೇ. ಹೆದರುವ ಗಿರಾಕಿಗಳು ಆಮೇಲೂ ಬಂದರು. ಅಜ್ಜಿಯ ಐದೆಸಳಿನ ಹೂವಲ್ಲಿ ನಾಲ್ಕು ಖರ್ಚಾಗಿವೆ.