ಡಿಕ್ಕಿ ಹೊಡೆಯುತ್ತದೆ ಅಂದವಳು ನಾನು

ರತ್ನಾ, ಅವತ್ತು ಕಿರಣನನ್ನು ಹೆದರಿಸಿದವಳು ನಾನು, ನೀನಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಹೆಸರು ಹೇಳಿದೆ.

ನಿನಗೆ ನೆನಪಿದೆಯೋ ಇಲ್ಲವೋ — ಇದ್ದೇ ಇರುತ್ತದೆ, ಯಾಕೆ ಸುಮ್ಮನೆ ಹೀಗೆ ಬರೆಯುತ್ತೇನೋ. ಬಾಗೂರಿನ ಆಚೆ ನಮ್ಮದು ಒಂದೇ ಕೋಣೆಯ ಶಾಲೆ, ನಾನೊಬ್ಬಳೇ ಟೀಚರು. ಒಂದನೇ ಕ್ಲಾಸಿನವರು ಕಿಟಕಿ ಕಡೆ, ನೀವು ಐದನೆಯವರು ಬಾಗಿಲ ಕಡೆ. ಒಂದು ಕಡೆ ಪಾಠ ಮಾಡುವಾಗ ಇನ್ನೊಂದು ಕಡೆಯವರು ಕಿವಿ ಮುಚ್ಚಿಕೊಂಡಿರುತ್ತಾರೆ ಎಂದು ನಂಬಿ ಸಂಬಳ ತೆಗೆದುಕೊಳ್ಳುತ್ತಿದ್ದೆ.

ಗ್ಯಾಲಕ್ಸಿಯ ಪಾಠವನ್ನು ವಯಸ್ಸಿಗೆ ತಕ್ಕಂತೆ ಹೇಳುತ್ತೇನೆ ಅಂತ ನನಗೆ ಬಲು ಜಂಬ. ಚಿಕ್ಕವರಿಗೆ — ಗ್ಯಾಲಕ್ಸಿ ಅಂದರೆ ನಕ್ಷತ್ರಗಳ ಊರು. ನಮ್ಮೂರಲ್ಲಿ ಮನೆಗಳಿದ್ದ ಹಾಗೆ ಅಲ್ಲಿ ನಕ್ಷತ್ರಗಳು. ನಮಗೆ ಬಾಗೂರು ಇದ್ದ ಹಾಗೆ ಪಕ್ಕದಲ್ಲಿ ಇನ್ನೊಂದು ಊರು. ಅಲ್ಲಿಗೆ ನಿಲ್ಲಿಸಿ, ಬಾಗಿಲ ಕಡೆ ತಿರುಗಿ ನಿಮಗೆ ಹೇಳಿದೆ — ಪಕ್ಕದ ಗ್ಯಾಲಕ್ಸಿ ನಮ್ಮ ಕಡೆಗೇ ಬರುತ್ತಿದೆ, ಒಂದು ದಿನ ಎರಡೂ ಡಿಕ್ಕಿ ಹೊಡೆಯುತ್ತವೆ. ಕೋಟ್ಯಂತರ ವರ್ಷ ಆದಮೇಲೆ ಅಂತಲೂ ಅಂದೆ. ಆರು ವರ್ಷದ ಹುಡುಗನಿಗೆ ಕೋಟಿ ಎಂದರೇನು? ಒಂದು ದಿನ ಎಂದರೆ ನಾಳೆ. ಈಚೆಗೆ ವಿಜ್ಞಾನಿಗಳೇ, ಡಿಕ್ಕಿ ಆಗದೆಯೂ ಇರಬಹುದು ಅನ್ನುತ್ತಿದ್ದಾರಂತೆ. ನಾನು ಮಾತ್ರ ಕಣ್ಣಾರೆ ಕಂಡು ಬಂದವಳ ಹಾಗೆ ಹೇಳಿದ್ದೆ.

ಒಂದನೇ ಕ್ಲಾಸಿನ ಕಿರಣ ಎರಡೂ ಪಾಠ ಕೇಳಿ ಕೂಡಿಸಿಕೊಂಡ. ಅವನ ಪ್ರಕಾರ ಬಾಗೂರು ಬಂದು ನಮ್ಮೂರಿಗೆ ಗುದ್ದುತ್ತದೆ. ಮಧ್ಯಾಹ್ನ ತಟ್ಟೆ ಮುಂದಿಟ್ಟುಕೊಂಡು ಅಳುತ್ತಿದ್ದ. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವುದು ನಮ್ಮ ಶಾಲೆಯ ರೂಢಿ. ನಿನ್ನನ್ನಂತೂ ಎಲ್ಲರೂ 'ಚಿಕ್ಕ ಮಿಸ್' ಅನ್ನುತ್ತಿದ್ದರು. ನೀನು ಹೋಗಿ ಅವನ ಪಕ್ಕ ಕೂತೆ.

"ಎಲ್ಡು ಕುರಿಮಂದೆ ರೋಡಲ್ಲಿ ಎದ್ರಾಬದ್ರಾ ಬಂದ್ರೆ ಏನಾಯ್ತದ್ಲಾ? ಒಂದ್ರೊಳಿಕ್ಕೆ ಒಂದು ನುಗ್ಗಿ ಆಚೆಗೋಯ್ತವೆ. ಯಾವ ಕುರಿಗೂ ಏಟಾಗಾಕಿಲ್ಲ. ನಕ್ಷತ್ರನೂ ಅಂಗೇಯ ಕಣ್ಲಾ, ನಡುವೆ ಬೋ ಜಾಗ ಐತೆ."

ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ನಕ್ಷತ್ರಗಳ ನಡುವಿನ ಜಾಗದ ವಿಷಯ ನಾನು ಹೇಳಿಕೊಟ್ಟದ್ದು; ಕುರಿಮಂದೆ ನಿನ್ನದು. ನನಗಿಂತ ಚೆನ್ನಾಗಿ ಹೇಳಿದೆಯಲ್ಲ ಅಂತ ಖುಷಿಯಾಯಿತು. ಸ್ವಲ್ಪ ಹೊಟ್ಟೆಯುರಿಯೂ ಆಯಿತು — ಅದನ್ನೂ ಹೇಳಿಬಿಡುತ್ತೇನೆ.

ಶಾಲೆಯಲ್ಲಿ ಸುಮ್ಮನಾದ ಹುಡುಗ ಮನೆಯಲ್ಲಿ ಮತ್ತೆ ಶುರುಮಾಡಿದನಂತೆ. ಸಂತೆಯ ದಿನ ಬೆಳಿಗ್ಗೆ ಅವನ ತಾತ ಬಂದರು. ಶಾಲೆಗೆ ಜಾಗ ಕೊಟ್ಟವರು, ಅವರ ಮಾತಿಗೆ ಊರಲ್ಲಿ ಎದುರು ಮಾತಿಲ್ಲ.

"ಮೇಡಮ್ಮೋರೆ, ಮಗೀಗೆ ಏನ್ ಏಳ್ಕೊಟ್ಟಿದೀರಿ? ಅವರವ್ವನ್ನ ಬಾಗೂರು ಸಂತೆಗೆ ಓಗಾಕೇ ಬಿಡ್ತಾ ಇಲ್ಲ. ಊರು ಬಂದು ಗುದ್ಬುಡ್ತದೆ ಅಂತ ಕಾಲು ತಬ್ಕಂಡು ಅಳ್ತದೆ!"

ನಿನ್ನ ಅಮ್ಮ ಆಗ ಶಾಲೆಯ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಆ ಕೆಲಸ ಕೊಡಿಸಿದ್ದೂ ಇದೇ ತಾತ. ಒಲೆಯ ಮುಂದಿನಿಂದ ಎದ್ದು ಬಂದು ನಿಂತರು. ಹೌದು, ನಾನೇ ಹೇಳಿದ್ದು, ಮಗುವಿಗೆ ಬಿಡಿಸಿ ಹೇಳುತ್ತೇನೆ — ನಾನು ಇಷ್ಟು ಅಂದಿದ್ದರೆ ಸಾಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ನಾನೇನೂ ಹೇಳಿಲ್ಲ. ಈ ರತ್ನನೇ ಏನೋ ಹೇಳಿ ಹೆದರಿಸಿರಬೇಕು."

ನಿನ್ನ ಅಮ್ಮ ತಾತನ ಮುಖ ನೋಡಿದರು. ಆಮೇಲೆ ನಿನ್ನ ಬೆನ್ನಿಗೆ ಬಾರಿಸಿದರು — "ಚಿಕ್ ಮಕ್ಳುನ್ನ ಎದರಿಸ್ತೀಯೇನೇ? ನಿಂಗ್ಯಾಕೇ ಬೇಕಿತ್ತು ದೊಡ್ಡಸ್ತಿಕೆ?" ಮಿಸ್ಸೇ ಹೇಳಿದ್ದು ಅಂತ ನೀನು ಅನ್ನಲಿಲ್ಲ. ನಾನು ಹೇಳುತ್ತೇನೆ ಎಂದು ಕಾಯುತ್ತಾ ನನ್ನನ್ನೇ ನೋಡಿದೆ. ನಾನು ಬೋರ್ಡು ಒರೆಸಲು ತಿರುಗಿಕೊಂಡೆ.

ಮಾರನೆಯ ದಿನ ಚಿಕ್ಕವರ ಹತ್ತಿರ ಕೂರು ಅಂದರೆ, "ಬ್ಯಾಡ ಮಿಸ್, ನಂಗೆ ಬರಾಕಿಲ್ಲ" ಅಂದೆ. ಮತ್ತೆ ನಾನು ಕರೆಯಲಿಲ್ಲ. ನೀನು ದೂರವಿದ್ದರೇ ನನಗೆ ಸಲೀಸಾಗಿತ್ತು, ಥೂ.

ಹೋದ ವಾರ ಹೊಳೆನರಸೀಪುರದ ಈ ಶಾಲೆಗೆ ನೀನು ಮಗಳನ್ನು ಸೇರಿಸಲು ಬಂದೆ. ನನ್ನ ಗುರುತು ಹಿಡಿದು ನಕ್ಕೆ. ಗೋಡೆಯ ಮೇಲಿನ ಗ್ಯಾಲಕ್ಸಿಯ ಚಿತ್ರ ತೋರಿಸಿ, ಅದೇನಮ್ಮ ಸುರುಳಿ ಅಂತ ಮಗು ಕೇಳಿತು.

"ನಂಗೇನ್ ಗೊತ್ತವ್ವ? ಮಿಸ್ಸು ಏಳ್ಕೊಡ್ತಾರೆ ಬುಡು."

ನಿನಗೆ ಗೊತ್ತು, ರತ್ನಾ. ಸ್ವಂತ ಮಗಳಿಗೆ ಹೇಳಲಿಕ್ಕೂ ಹಿಂಜರಿಯುವ ಹಾಗೆ ನಿನ್ನನ್ನು ಮಾಡಿದ ನಾನೇ, ನಾಚಿಕೆಯಿಲ್ಲದೆ, ನಕ್ಷತ್ರಗಳ ಊರು ಅಂತ ಶುರುಮಾಡಿದೆ. ನೀನು ಮೊದಲ ಸಲ ಕೇಳುವವಳ ಹಾಗೆ ತಲೆಯಾಡಿಸಿದೆ. ಆಗಲೂ ನಾನು ಅವತ್ತಿನ ಸುಳ್ಳನ್ನು ಒಪ್ಪಿಕೊಳ್ಳಲಿಲ್ಲ.

ಸೋಮವಾರ ನೀನು ಅವಳನ್ನು ಬಿಡಲು ಬರುತ್ತೀಯ. ಅವಳ ಮುಂದೆಯೇ ಎಲ್ಲ ಹೇಳುತ್ತೇನೆ. "ಓಗ್ಲಿ ಬುಡಿ ಮಿಸ್" ಅನ್ನುತ್ತೀಯ, ಗೊತ್ತು — ಅನ್ನಬೇಡ. ಅದಾದ ಮೇಲೆ ಬಾಗೂರಿನ ಬಸ್ಸು ಹತ್ತಿ ನಿನ್ನ ಅಮ್ಮನ ಹತ್ತಿರ ಹೋಗಬೇಕು. ಮಗಳಿಗೆ ಬುದ್ಧಿ ಕಲಿಸಿದೆ ಅಂತಲೇ ಅವರು ಇವತ್ತಿಗೂ ತಿಳಿದಿದ್ದಾರು. ನೀನು ತಪ್ಪೇ ಮಾಡಿರಲಿಲ್ಲ ಎಂದು ಈ ವಯಸ್ಸಿನಲ್ಲಿ ಗೊತ್ತಾದರೆ, ಆ ಏಟು ಅವರ ಕೈಗೇ ಉರಿಯುತ್ತದೆ. ಅದನ್ನು ನಾನು ಎದುರು ಕೂತು ನೋಡಬೇಕು.