ಕಡತದಿಂದ ನಾನು ಕಿತ್ತ ಹಾಳೆ

ಸುಧಮ್ಮಾ, ಆ ಹಾಳೆಯನ್ನು ಕಡತದಿಂದ ಕಿತ್ತವನು ನಾನೇ. ಅದು ಕಳೆದುಹೋಗಿರಲಿಲ್ಲ, ನೀನು ಬರೆಯದೆ ಬಿಟ್ಟಿರಲೂ ಇಲ್ಲ — ನಾನು ಕಿತ್ತೆ. ಇದೇ ಕೈಯಿಂದ.

ಈ ತೆಲುಗು ಊರಿನ ಬೆಂಜ್ ಸರ್ಕಲ್ ಹತ್ತಿರದ ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ನಾನು ಮುಖ್ಯಸ್ಥ, ನೀನು ನನ್ನ ಕೈಕೆಳಗಿದ್ದವಳು. ರೋಗಿಗಳ ಸ್ಕ್ಯಾನ್‌ಗಳನ್ನೆಲ್ಲ ಇಡುವ ಸ್ಟೋರೇಜ್ ಪೆಟ್ಟಿಗೆಗೆ ಬದಲಿ ಡಿಸ್ಕ್‌ಗಳು ಬೇಕಾಗಿದ್ದವು. ಪೆಟ್ಟಿಗೆ ಮಾಡಿದ ಕಂಪನಿಯನ್ನು ಇನ್ನೊಂದು ನುಂಗಿತ್ತು, ಅದನ್ನು ಮತ್ತೊಂದು. ಹೆಸರು ಹೋಯಿತು, ಫೋನೆತ್ತುವವರೂ ಹೋದರು. ಉಳಿದವನು ಮಾರಾಟದ ಬಸವರಾಜ ಒಬ್ಬನೇ — ಮೂರು ಕಂಪನಿಗಳ ಮೂರು ವಿಸಿಟಿಂಗ್ ಕಾರ್ಡು ಹಿಡಿದು, ಮೂರು ಸಲವೂ ಅದೇ ನಗು ಹೊತ್ತು ಬಂದವನು.

ಅವನು ಗದಗಿನವನು, ನಾನು ಹುಬ್ಬಳ್ಳಿಯವನು. ದಿನವಿಡೀ ತೆಲುಗು ಆಡಿ, ಮನೆಗೆ ಬಂದರೆ ಮಕ್ಕಳೂ ತೆಲುಗಿನಲ್ಲೇ ಉತ್ತರ ಕೊಟ್ಟು, ನನ್ನ ಕಿವಿ ಹಸಿದಿತ್ತು. ಅವನು ಬಾಗಿಲಲ್ಲಿ ನಿಂತು "ಏನ್ರಿ ಸಾಹೇಬ್ರ, ಆರಾಮ?" ಎಂದರೆ ಸಾಕು, ನಮ್ಮಜ್ಜ ಕಟ್ಟೆಯ ಮೇಲಿಂದ ಕರೆದ ಹಾಗಾಗುತ್ತಿತ್ತು. ಹಾಳಾಗಲಿ ಆ ಹಸಿವು!

"ಕಂಪನಿ ಯಾವ್ದಾದ್ರ ಏನ್ರಿ, ನಾ ಅದೀನಲ್ಲ?" ಎಂದ. ನಂಬಿದೆ.

ನೀನು ನಂಬಲಿಲ್ಲ. ಮಾದರಿಗೆಂದು ಬಂದ ಡಿಸ್ಕನ್ನು ಪೆಟ್ಟಿಗೆಗೆ ಹಾಕಿ ನೋಡಿದೆ. ಅಳತೆಗೇನೋ ಸರಿಯಾಗಿ ಕೂತಿತು. ಪೆಟ್ಟಿಗೆ ಅದನ್ನು ಒಪ್ಪಲಿಲ್ಲ, ಕೆಂಪು ದೀಪ ಆರಲೇ ಇಲ್ಲ. ಅದನ್ನೇ ಹಾಳೆಯಲ್ಲಿ ಬರೆದು ಸಹಿ ಹಾಕಿ, ಅಮ್ಮನಿಂದ ಕಲಿತ ಹರಕು ಕನ್ನಡದಲ್ಲಿ ಹೇಳಿದೆ: "ಸಾರ್, ಮನುಷ್ಯ ಅವರೇ, ಕಂಪನಿ ಅದಲ್ಲ. ಬೇಡಂಡಿ."

"ಅವ ನಮ್ಮ ಕಡಿ ಮನಷ್ಯಾ, ನಿನಗ ತಿಳಿಯಂಗಿಲ್ಲ ಬಿಡವಾ" ಎಂದು ನಾನು ನಕ್ಕೆ. ನಕ್ಕೆನಲ್ಲ — ಆ ನಗುವಿಗೆ ಬೆಂಕಿ ಬೀಳ!

ಡಿಸ್ಕ್‌ಗಳು ಬಂದು ಕಪಾಟು ಸೇರಿದವು. ಮುಂದೆ ಹಳೆಯವು ಒಂದರ ಹಿಂದೊಂದು ಕೆಟ್ಟಾಗ, ಕಪಾಟಿನ ಒಂದನ್ನೂ ಪೆಟ್ಟಿಗೆ ಒಪ್ಪಲಿಲ್ಲ. ಪೆಟ್ಟಿಗೆಯೇ ನಿಂತುಹೋಯಿತು; ಬೇರೆ ಕಡೆ ತೆಗೆದಿಟ್ಟಿದ್ದ ಬ್ಯಾಕಪ್ ಪ್ರತಿಯಲ್ಲಿ ಕೊನೆಯ ತಿಂಗಳುಗಳ ಸ್ಕ್ಯಾನ್‌ಗಳೇ ಇರಲಿಲ್ಲ. ಗಡ್ಡೆ ಬೆಳೆದಿದೆಯೋ ಕುಗ್ಗಿದೆಯೋ, ಹೋಲಿಸಲು ವೈದ್ಯರ ಬಳಿ ಏನೂ ಉಳಿಯಲಿಲ್ಲ. ಇಲ್ಲಿನ ಹಳೇ ಪೇಟೆ ಒನ್ ಟೌನಿನ ಹೆಂಗಸೊಬ್ಬಳು ಗಂಡನ ಸ್ಕ್ಯಾನ್ ಕೇಳುತ್ತ ಕೌಂಟರಿನ ಮುಂದೆ ನಿಂತೇ ಇದ್ದಳು.

ಬಸವರಾಜ "ನಾ ಈಗ ಆ ಕಂಪನ್ಯಾಗ ಇಲ್ರಿ" ಎಂದು ಫೋನಿಟ್ಟ. ನೆನೆದರೆ ಮೈ ಉರಿಯುತ್ತದೆ. ಹೆಸರು ಬದಲಿಸಿ ಹೊಣೆ ಕೊಡವಿಕೊಳ್ಳುವ ಆ ಕಂಪನಿಗಳ ಮೇಲೂ ಉರಿಯುತ್ತದೆ. ಆದರೆ —

ಆದರೆ ಸಭೆಯಲ್ಲಿ ನಿರ್ದೇಶಕರು "ಮೊದಲೇ ಹಾಕಿ ನೋಡಲಿಲ್ಲವೇ?" ಎಂದು ಕೇಳಿದಾಗ ಬಾಯಿಬಿಟ್ಟವನು ನಾನು. "ಅದು ಸುಧಾ ಕೆಲಸ ಸಾರ್. ವರದಿ ಕೊಟ್ಟಿಲ್ಲ." ಹಿಂದಿನ ದಿನವೇ ಹಾಳೆ ಕಿತ್ತಾಗಿತ್ತು. ನೀನು ಅಳಲಿಲ್ಲ, ಜಗಳವಾಡಲಿಲ್ಲ. ನನ್ನನ್ನೇ ನೋಡಿದೆ — ಈಗ ಸಾರ್ ನಿಜ ಹೇಳುತ್ತಾರೆ, ಈಗ ಹೇಳುತ್ತಾರೆ ಎಂಬಂತೆ. ನಾನು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತೆ. ಹೇಡಿ.

ನಿರ್ಲಕ್ಷ್ಯದ ಷರಾ ಹೊತ್ತು ನೀನು ಕೆಲಸ ಬಿಟ್ಟೆ. ಈಗ ವಿಶಾಖಪಟ್ಟಣದಿಂದ, ಮಧುರವಾಡದ ಕಚೇರಿಯೊಂದರಿಂದ, ಪತ್ರ ಬಂದಿದೆ: ನಿನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದೇ ಎಂದು. ಉತ್ತರ ಬರೆಯಬೇಕಾದವನು ನಾನಂತೆ — ನಾನು!

ಆ ಹಾಳೆ ನನ್ನ ಬಳಿಯೇ ಇದೆ. ಹರಿದುಹಾಕುವ ಧೈರ್ಯವಿರಲಿಲ್ಲ, ತೋರಿಸುವ ಧೈರ್ಯವೂ... ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಅದು ನಿರ್ದೇಶಕರ ಮೇಜಿನ ಮೇಲಿರುತ್ತದೆ. ಒಂದು ಪ್ರತಿ ಮಧುರವಾಡಕ್ಕೆ ಹೋಗುತ್ತದೆ. ನಿನ್ನ ಸಹಿಯ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: "ಇದನ್ನು ಓದಿಯೂ ಡಿಸ್ಕ್ ಕೊಂಡವನು ನಾನು, ಮುಚ್ಚಿಟ್ಟವನೂ ನಾನು."

ಅದರ ಕೆಳಗೆ ನನ್ನ ಸಹಿ.